ಎಂಟು ಮಂದಿಯ ಫ್ಯಾಂಟಸಿ ಲೀಗಿಗೆ ಡ್ರಾಫ್ಟ್ ಪಟ್ಟಿ ಮಾಡಿದ್ದು ಹೀಗೆ

ನಮ್ಮದು ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗಿನ ಡ್ರಾಫ್ಟ್, ಅಂದರೆ ಒಬ್ಬ ಆಟಗಾರ ಒಬ್ಬರ ತಂಡಕ್ಕೆ ಮಾತ್ರ. ಎಂಟು ಮಂದಿ, ಎಲ್ಲರೂ ದಾವಣಗೆರೆಯವರೇ. ಆಗಸ್ಟಿನ ಒಂದು ಭಾನುವಾರ ವಿದ್ಯಾನಗರದ ಒಂದು ಮನೆಯ ಮಹಡಿ ಮೇಲೆ ಕೂತು ಆಟಗಾರರನ್ನು ಹಂಚಿಕೊಳ್ಳುತ್ತೇವೆ. ಅಂಕ ಲೀಗಿನ ಅಧಿಕೃತ ಫ್ಯಾಂಟಸಿ ಆಟ ಎಫ್‌ಪಿಎಲ್‌ನದ್ದು; ತಂಡದ ಪಟ್ಟಿ, ವೇವರ್ ಸಾಲು (ಯಾರ ತಂಡದಲ್ಲೂ ಇಲ್ಲದ ಆಟಗಾರನನ್ನು ಆಮೇಲೆ ತಗೊಳ್ಳೋ ಸರದಿ) ನಮ್ಮದೇ ಗೂಗಲ್ ಶೀಟಿನಲ್ಲಿ. 14ನೇ ಸುತ್ತಿನವರೆಗೆ ಗೋಲ್ ಕೀಪರನ್ನೇ ಮುಟ್ಟಲ್ಲ ಅಂತ ನಾನು ಹೇಳಿದಾಗ ಏಳೂ ಜನ ನಕ್ಕರು. 2024-25ರಲ್ಲಿ ಲಿವರ್‌ಪೂಲ್‌ನ ಸಲಾಹ್ 344 ಅಂಕ ತೆಗೆದ. ಅವನು ನನ್ನ ತಂಡದಲ್ಲಿರಲಿಲ್ಲ, ಆದರೂ ಮೊದಲ ಸ್ಥಾನ ನನಗೇ ಬಂತು.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. 2023-24ರಲ್ಲಿ ಯಾವ ಸ್ಥಾನದ ಆಟಗಾರರು ಬೇಗ ಖಾಲಿಯಾಗುತ್ತಾರೆ ಅನ್ನೋದನ್ನು ತಂಡದ ಇಡೀ 15 ಮಂದಿಯ ಮೇಲೆ ಲೆಕ್ಕ ಹಾಕಿದ್ದೆ. ಎಂಟು ತಂಡಕ್ಕೆ ತಲಾ 3 ಅಂದರೆ 24 ಫಾರ್ವರ್ಡ್. ಲೀಗಿನಲ್ಲಿ ವಾರ ವಾರ ಆಡೋ ಫಾರ್ವರ್ಡ್‌ಗಳೇ ಇಪ್ಪತ್ತು ಚಿಲ್ಲರೆ. ಹಾಗಾದರೆ ಇವರೇ ಚಿನ್ನ ಅಂತ ಮೊದಲ ಐದು ಸುತ್ತಿನಲ್ಲಿ ಮೂವರನ್ನು ಎತ್ತಿದೆ. ಮಿಡ್‌ಫೀಲ್ಡ್ ಬರಿದಾಯಿತು. ಮೂರನೆಯ ಫಾರ್ವರ್ಡ್ ಹೆಚ್ಚಿನ ವಾರ ಬೆಂಚಿನಲ್ಲೇ ಕೂತ. ಏಳನೇ ಸ್ಥಾನ. ಅದೇ ವರ್ಷ ಅಂಕಿಅಂಶದ ಒಂದು ತಾಣಕ್ಕೆ ಸುಮಾರು 1,800 ರೂಪಾಯಿ ಚಂದಾ ಕಟ್ಟಿದ್ದೆ. ಅದರ ರ‍್ಯಾಂಕಿಂಗ್ ಎಲ್ಲರೂ ಎಲ್ಲರನ್ನೂ ಇಟ್ಟುಕೊಳ್ಳಬಹುದಾದ ಮಾಮೂಲಿ ಆಟಕ್ಕೆ ಮಾಡಿದ್ದು, ಡ್ರಾಫ್ಟಿಗೆ ಉಪಯೋಗಕ್ಕೇ ಬರಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ಅಂಕ ತರೋದು 11 ಮಂದಿ, 15 ಅಲ್ಲ. ಎಂಟು ತಂಡಕ್ಕೆ 88 ಜಾಗ. ನಮ್ಮ ಹಳೇ ಶೀಟುಗಳನ್ನು ತೆಗೆದು ನೋಡಿದರೆ ಆ 88 ಹೆಚ್ಚುಕಡಿಮೆ ಹೀಗೆ ಬೀಳುತ್ತೆ: ಕೀಪರ್ 8, ಡಿಫೆಂಡರ್ 28, ಮಿಡ್‌ಫೀಲ್ಡರ್ 36, ಫಾರ್ವರ್ಡ್ 16. ಹಾಗಾಗಿ 9ನೇ ಕೀಪರ್, 29ನೇ ಡಿಫೆಂಡರ್, 37ನೇ ಮಿಡ್‌ಫೀಲ್ಡರ್, 17ನೇ ಫಾರ್ವರ್ಡ್ ಹಿಂದಿನ ಸೀಸನ್ನಿನಲ್ಲಿ ಎಷ್ಟು ಅಂಕ ತೆಗೆದಿದ್ದರೋ ಅದು ಆಯಾ ಸ್ಥಾನದ ತಳ. ಪ್ರತಿ ಆಟಗಾರನ ಅಂಕದಿಂದ ಅವನ ಸ್ಥಾನದ ತಳವನ್ನು ಕಳೆದು, ಉಳಿದ ಅಂಕದ ಮೇಲೆ ಸಾರ್ಟ್ ಮಾಡಬೇಕು. ನನ್ನ ಪಟ್ಟಿಯ ಬೆನ್ನೆಲುಬು ಇಷ್ಟೇ.

ಕೀಪರ್ ವಿಷಯ ಇಲ್ಲೇ ತೀರ್ಮಾನವಾಗುತ್ತೆ. ಮೊದಲನೆಯವನಿಗೂ ಒಂಬತ್ತನೆಯವನಿಗೂ ವ್ಯತ್ಯಾಸ ಇಡೀ ಸೀಸನ್ನಿಗೆ 30-40 ಅಂಕ, ಅಂದರೆ ವಾರಕ್ಕೆ ಒಂದು. ಫಾರ್ವರ್ಡ್‌ಗಳಲ್ಲಿ ಅದೇ ಅಂತರ ನೂರು ದಾಟುತ್ತೆ. ಇನ್ನೊಂದು ಲೆಕ್ಕ ನೋಡಿ: ಉಳಿದ ಏಳು ಮಂದಿ ತಲಾ ಇಬ್ಬರು ಕೀಪರ್ ತಗೊಂಡರೂ 14. ಕ್ಲಬ್ 20. ಆರು ಮಂದಿ ಉಳಿದೇ ಉಳಿಯುತ್ತಾರೆ. ಸರದಿ ಒಂದು ಸುತ್ತಿನಲ್ಲಿ 1ರಿಂದ 8, ಮುಂದಿನದರಲ್ಲಿ 8ರಿಂದ 1, ಹೀಗೆ ತಿರುಗುತ್ತೆ; 5ನೇ ಸರದಿಯಲ್ಲಿ ನನ್ನ ಕೊನೆಯ ಎರಡು ಆಯ್ಕೆ 108 ಮತ್ತು 117ನೆಯವು. ಅಲ್ಲಿ ಸಿಕ್ಕವನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮ್ಯಾಟ್ಸ್ ಸೆಲ್ಸ್. 2024-25ರಲ್ಲಿ ಅವನು 13 ಕ್ಲೀನ್ ಶೀಟ್ (ಗೋಲು ಬಿಡದ ಪಂದ್ಯ) ಮಾಡಿ, ಅದರಲ್ಲಿ ಮೊದಲಿಗನಾದ ಕೀಪರಿಗೆ ಕೊಡೋ ಗೋಲ್ಡನ್ ಗ್ಲೌವ್ ಅನ್ನು ಡೇವಿಡ್ ರಾಯಾ ಜೊತೆ ಹಂಚಿಕೊಂಡ. ಸೆಲ್ಸ್ ಸಿಕ್ಕಿದ್ದು ಅದೃಷ್ಟವೇ, ಆದರೆ ಅಷ್ಟು ಹೊತ್ತಿಗೆ ಒಳ್ಳೇ ಕೀಪರ್ ಉಳಿದಿದ್ದು ಅದೃಷ್ಟ ಅಲ್ಲ. ಎರಡನೇ ಕೀಪರನ್ನು ಆರಿಸುವಾಗ ಮೊದಲನೆಯವನಿಗೆ ಕಷ್ಟದ ಪಂದ್ಯ ಇರೋ ವಾರ ಇವನಿಗೆ ತವರಿನ ಪಂದ್ಯ ಬೀಳುತ್ತಾ ಅಂತ ವೇಳಾಪಟ್ಟಿಯ ಮೊದಲ ಹತ್ತು ವಾರ ನೋಡಿದರೆ ಸಾಕು.

ಸರದಿಯ ಸಂಖ್ಯೆಗಳನ್ನು ಶೀಟಿನ ತಲೆಯಲ್ಲೇ ಬರೆದಿಟ್ಟುಕೊಳ್ಳಿ. 5ನೆಯವರಿಗೆ 5, 12, 21, 28, 37. ಮೊದಲನೆಯವರಿಗೆ 1, 16, 17, 32, 33; ಮೊದಲ ಆಯ್ಕೆಗೂ ಮುಂದಿನದಕ್ಕೂ ನಡುವೆ 14 ಮಂದಿ ಹೋಗಿರುತ್ತಾರೆ. ಕೇಳಬೇಕಾದ್ದು "ಈಗ ಯಾರು ಚೆನ್ನಾಗಿದ್ದಾರೆ" ಅಂತಲ್ಲ, "ನನ್ನ ಮುಂದಿನ ಸರದಿಗೆ ಯಾವ ಸ್ಥಾನ ಎಷ್ಟು ಕುಸಿದಿರುತ್ತೆ" ಅಂತ.

ಇನ್ನೊಂದು ಕಾಲಂ ಪೆನಾಲ್ಟಿಯದು, ಕ್ಲಬ್ಬಿನಲ್ಲಿ ಅದನ್ನು ಹೊಡೆಯೋದು ಯಾರು ಅಂತ. 2023ರ ಸೆಪ್ಟೆಂಬರ್ 1ಕ್ಕೆ ಕೋಲ್ ಪಾಮರ್ ಚೆಲ್ಸಿಗೆ ಬಂದ, ಡ್ರಾಫ್ಟ್ ಮುಗಿದ ಮೇಲೆ. ನನ್ನ ವೇವರ್ ಸರದಿಯನ್ನು ಅದರ ಹಿಂದಿನ ವಾರವೇ ಒಬ್ಬ ಬದಲಿ ಡಿಫೆಂಡರಿಗೆ ಸುಟ್ಟು ಸಾಲಿನ ಕೊನೆಗೆ ಹೋಗಿದ್ದೆ. ಪಾಮರ್ ಆ ಸೀಸನ್ನಿನಲ್ಲಿ 22 ಗೋಲು ಹೊಡೆದ, ಅದರಲ್ಲಿ 9 ಪೆನಾಲ್ಟಿ. ಮುಂದಿನ ವರ್ಷ ಬ್ರೆಂಟ್‌ಫೋರ್ಡ್‌ನ ಐವನ್ ಟೋನಿ ಹೊರಡೋ ಸುದ್ದಿ ಇತ್ತು. ಅವನು ಹೋದರೆ ಪೆನಾಲ್ಟಿ ಅದೇ ಕ್ಲಬ್ಬಿನ ಎಂಬ್ಯೂಮೊಗೆ. ಆರನೇ ಸುತ್ತಿನಲ್ಲಿ ಎಂಬ್ಯೂಮೊನನ್ನು ತಗೊಂಡೆ, 20 ಗೋಲು ಹೊಡೆದ. ಪಟ್ಟಿಯಲ್ಲಿ ಮಿಡ್‌ಫೀಲ್ಡರ್ ಆದ್ದರಿಂದ ಗೋಲಿಗೆ ಫಾರ್ವರ್ಡ್‌ನ 4 ಅಲ್ಲ, 5. ಫಾರೆಸ್ಟ್‌ನ ಕ್ರಿಸ್ ವುಡ್ ಕೂಡ 20 ಹೊಡೆದ, ಅವನು 12ನೇ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದ. ವುಡ್‌ನನ್ನು ಯಾವ ಅಂಕಿ ನೋಡಿ ತಗೊಂಡೆ ಅನ್ನೋದನ್ನು ಹೇಳಲ್ಲ. ಆ ಏಳು ಮಂದಿಯೂ ಇದನ್ನು ಓದುತ್ತಾರೆ.

ಹೆಸರು ನೋಡಿ ಮೋಸ ಹೋಗಬೇಡಿ. 2025ರ ಆಗಸ್ಟಿನಲ್ಲಿ ನಮ್ಮಲ್ಲೊಬ್ಬರು ಮೊದಲ ಸುತ್ತಿನಲ್ಲೇ ಇಸಾಕ್‌ನನ್ನು ಎತ್ತಿದರು. ನ್ಯೂಕ್ಯಾಸಲ್ ಪರ ಅವನು ಕಣಕ್ಕಿಳಿಯಲೇ ಇಲ್ಲ, ಸೆಪ್ಟೆಂಬರ್ 1ಕ್ಕೆ ಲಿವರ್‌ಪೂಲ್ ಸೇರಿದ. ಆಫ್ರಿಕಾ ಕಪ್ಪಿಗೆ ಹೋಗೋರಿಗೆ ನಾನು ಮೊದಲೇ ನಾಲ್ಕೈದು ಪಂದ್ಯ ಕಳೆದುಬಿಡುತ್ತೇನೆ. 2025-26ರ ಸೀಸನ್ನಿನಲ್ಲಿ ಅದು ಡಿಸೆಂಬರ್ 21ರಿಂದ ಜನವರಿ 18ರವರೆಗೆ ಇತ್ತು.

ಅಂಕದ ನಿಯಮದ ಜಗಳ ಪ್ರತಿ ಜುಲೈನಲ್ಲಿ ಇದ್ದದ್ದೇ. "ಗೋಲು ಗೋಲೇ, ಯಾರು ಹೊಡೆದರೂ 5 ಕೊಡ್ರಪ್ಪ" ಅಂತ ಒಬ್ಬರ ಹಟ. ಹಳೇ ಸೀಸನ್ನಿನ ಅಂಕಕ್ಕೆ ಆ ನಿಯಮ ಹಾಕಿ ತೋರಿಸಿದೆ: ಫಾರ್ವರ್ಡ್‌ಗಳ ಅಂತರ ಇನ್ನೂ ಹಿಗ್ಗುತ್ತೆ, ಮೊದಲ ಸುತ್ತು ಬರೀ ಅವರದ್ದೇ ಆಗುತ್ತೆ, ಎರಡನೇ ಸರದಿಯವರಿಗೂ ಎಂಟನೆಯವರಿಗೂ ಭಾರೀ ಅನ್ಯಾಯ. ಅಲ್ಲಿಗೆ ಆ ಮಾತು ನಿಂತಿತು. ಹೊಸ ನಿಯಮ ತರಬೇಕು ಅನ್ನೋರು ಹಿಂದಿನ ವರ್ಷದ ಅಂಕದ ಮೇಲೆ ಓಡಿಸಿ ತೋರಿಸಲೇಬೇಕು ಅಂತ ಈಗ ನಮ್ಮಲ್ಲಿ ಕಟ್ಟುಪಾಡು.

2025-26ರಿಂದ ಎಫ್‌ಪಿಎಲ್‌ನವರೇ ತಂದ ರಕ್ಷಣೆಯ ಅಂಕವನ್ನು ನಾನು ಜೋರಾಗಿ ಬೆಂಬಲಿಸಿದೆ. ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್ ಸೇರಿ ಒಂದು ಪಂದ್ಯದಲ್ಲಿ 10 ಮಾಡಿದ ಡಿಫೆಂಡರಿಗೆ 2. ಮಿಡ್‌ಫೀಲ್ಡರ್, ಫಾರ್ವರ್ಡ್‌ಗೆ ಚೆಂಡು ಮರಳಿ ಗಳಿಸಿದ್ದೂ ಸೇರಿ 12 ಬೇಕು. ತಂಡ ಗೋಲು ಬಿಟ್ಟುಕೊಟ್ಟರೂ ಈ 2 ಸಿಗುತ್ತೆ. ಒತ್ತಡದಲ್ಲಿ ಆಡೋ ಕ್ಲಬ್ಬಿನ ಸೆಂಟರ್ ಬ್ಯಾಕ್, ಎವರ್ಟನ್‌ನ ಟಾರ್ಕೋವ್‌ಸ್ಕಿ ತರಹದವರು, ನನ್ನ ಪಟ್ಟಿಯಲ್ಲಿ ಮೂರು ನಾಲ್ಕು ಸುತ್ತು ಮೇಲೆ ಬಂದರು. ಚೆಂಡು ಸದಾ ತಮ್ಮ ಹತ್ತಿರವೇ ಇಟ್ಟುಕೊಳ್ಳೋ ದೊಡ್ಡ ಕ್ಲಬ್ಬಿನ ಡಿಫೆಂಡರಿಗೆ 10 ಮುಟ್ಟೋದೇ ಕಷ್ಟ.

ಇದೇ ಲೆಕ್ಕವನ್ನು ಐಪಿಎಲ್‌ಗೂ ಹಾಕಿ ನೋಡಿದೆ. 10 ತಂಡ ಇರೋದರಿಂದ ವಿಕೆಟ್ ಕೀಪರ್ ಕೊರತೆ ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ. ಒಂದೊಂದು ತಂಡದಲ್ಲೂ ಕೀಪಿಂಗ್ ಬಲ್ಲ ಇಬ್ಬರು ಮೂವರು ಬ್ಯಾಟರ್‌ಗಳು ಆಡುತ್ತಾರೆ. ಕೊರತೆ ಇದ್ದದ್ದು ನಿಜವಾಗಿ ಬೌಲಿಂಗ್ ಸಿಗೋ ಆಲ್‌ರೌಂಡರ್‌ಗಳದ್ದು, 2023ರ ಇಂಪ್ಯಾಕ್ಟ್ ಪ್ಲೇಯರ್ ನಿಯಮದಿಂದ.

ದುಡ್ಡಿನ ಮಾತು. ಮೊದಲ ವರ್ಷ ತಲಾ 500, ಒಟ್ಟು 4,000. ಗೆದ್ದವರಿಗೆ 2,500, ಎರಡನೆಯವರಿಗೆ 1,000. ಜನವರಿ ಹೊತ್ತಿಗೆ ಕೆಳಗಿನ ಮೂವರು ತಂಡ ನೋಡೋದನ್ನೇ ಬಿಟ್ಟರು, ಗಾಯಗೊಂಡವರೇ ಹನ್ನೊಂದರಲ್ಲಿ. ಹೆಡ್ ಟು ಹೆಡ್‌ನಲ್ಲಿ, ಅಂದರೆ ವಾರ ವಾರ ಇಬ್ಬಿಬ್ಬರ ಪೈಪೋಟಿಯಲ್ಲಿ, ಅವರ ವಿರುದ್ಧ ಆಡಿದವರಿಗೆ ಪುಕ್ಕಟೆ ಗೆಲುವು. ನಗದು ಬಹುಮಾನ, ಹೆಡ್ ಟು ಹೆಡ್ ಎರಡನ್ನೂ ತೆಗೆದೆವು. ಈಗ ಒಟ್ಟು ಅಂಕವೇ ಲೆಕ್ಕ, 4,000 ಪೂರ್ತಿ ಡ್ರಾಫ್ಟ್ ದಿನದ ಮತ್ತು ಕೊನೇ ದಿನದ ಬೆಣ್ಣೆ ದೋಸೆಗೆ. ತಿಂಗಳಲ್ಲಿ ಕಡಿಮೆ ಅಂಕ ಬಂದವರು ಎಂಟೂ ಜನಕ್ಕೆ ಮಂಡಕ್ಕಿ, ಮೆಣಸಿನಕಾಯಿ ತರಬೇಕು. 300 ರೂಪಾಯಿ ಒಳಗಿನ ಖರ್ಚು, ಆದರೆ ಮೇ ತಿಂಗಳವರೆಗೂ ಯಾರೂ ತಂಡ ಬಿಟ್ಟಿಲ್ಲ.

ಗಡುವು ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ. ಶನಿವಾರದ ವಾರಗಳಲ್ಲಿ ನಮಗೆ ಮಧ್ಯಾಹ್ನ 3:30; ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 4:30. ಶುಕ್ರವಾರ ರಾತ್ರಿ ಪಂದ್ಯ ಇದ್ದರೆ ಮಾತ್ರ ಶುಕ್ರವಾರ ರಾತ್ರಿ 11ಕ್ಕೇ, ಗಡಿಯಾರ ಹಿಂದಿಟ್ಟ ಮೇಲೆ 12ಕ್ಕೆ, ಬಾಗಿಲು ಮುಚ್ಚುತ್ತೆ. ನಮ್ಮಲ್ಲಿ ತಪ್ಪಿದ ಗಡುವುಗಳೆಲ್ಲ ಆ ಶುಕ್ರವಾರಗಳದ್ದೇ. ಅವನ್ನು ಶೀಟಿನಲ್ಲಿ ಕೆಂಪು ಮಾಡಿ, ಗುರುವಾರ ರಾತ್ರಿಯೇ ತಂಡ ಹಾಕಿಬಿಡುತ್ತೇನೆ.