ಅವಳು, ಆಕೆ, ಅವರು: ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಪಾಠ ಮಾಡಿದ ನನ್ನ ಅನುಭವ

ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಾದಂಬರಿಯನ್ನು ಸ್ತ್ರೀವಾದಿ ನೆಲೆಯಲ್ಲಿ ಪಾಠ ಮಾಡಿದವರಿಗೆಲ್ಲ ಅದರ ತೊಡಕು ಗೊತ್ತಿದೆ: ಹೆಂಗಸರು ಬರುವುದೇ ಅಪರೂಪ, ಬಂದವರಲ್ಲಿ ಒಬ್ಬರಿಗೂ ಹೆಸರಿಲ್ಲ. ದಂತದ ವ್ಯಾಪಾರದ ಕಂಪನಿಯೊಂದರ ಏಜೆಂಟ್ ಕರ್ಟ್ಸ್‌ನನ್ನು ಹುಡುಕಿಕೊಂಡು ಆಫ್ರಿಕದ ನದಿಯೊಂದರಲ್ಲಿ ಸಾಗಿದ ಕಥೆಯನ್ನು ಮಾರ್ಲೊ ಎಂಬ ನಾವಿಕ ಅದರಲ್ಲಿ ಹೇಳುತ್ತಾನೆ. ಮೊದಲ ಎರಡು ವರ್ಷ ನಾನೂ ವಿಮರ್ಶೆಯಿಂದಲೇ ಆರಂಭಿಸಿದೆ. ಈ ಕಾದಂಬರಿ ಜನಾಂಗೀಯ ದ್ವೇಷದ್ದು ಎಂದು ಟೀಕಿಸಿದ ನೈಜೀರಿಯದ ಲೇಖಕ ಅಚಿಬೆಯ 1975ರ ಉಪನ್ಯಾಸವನ್ನೂ ಸ್ತ್ರೀವಾದಿ ವಿಮರ್ಶಕಿ ನೀನಾ ಪೆಲಿಕನ್ ಸ್ಟ್ರಾಸ್ 1987ರಲ್ಲಿ ಪ್ರಕಟಿಸಿದ ಪ್ರಬಂಧವನ್ನೂ ನಲವತ್ತು ಪ್ರತಿ ಜೆರಾಕ್ಸ್ ಮಾಡಿಸಿ ಹಂಚಿದೆ. ಕೈಯಿಂದ ಮೂರು ಸಾವಿರದಷ್ಟು ಹೋಯಿತು. ಉತ್ತರಪತ್ರಿಕೆಗಳಲ್ಲಿ ಅವೇ ವಾಕ್ಯಗಳು ಮರಳಿ ಬಂದವೇ ಹೊರತು ಕಾದಂಬರಿಯ ಒಂದು ಸಾಲೂ ಕಾಣಲಿಲ್ಲ.

ಮೂರನೆಯ ವರ್ಷ ಹೆಂಗಸರು ಬರುವ ಭಾಗಗಳನ್ನಷ್ಟೇ ಆರಿಸಿ, ಅವನ್ನು ಕನ್ನಡದಲ್ಲಿ ಬರೆದುಕೊಡುವಂತೆ ಹೇಳಿದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಶಿ’ ಸಾಕು. ಕನ್ನಡದಲ್ಲಾದರೆ ಅವಳು, ಆಕೆ, ಅವರು ಎಂಬವುಗಳಲ್ಲಿ ಒಂದನ್ನು ಆರಿಸದೆ ವಾಕ್ಯ ಮುಂದೆ ಸಾಗುವುದಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇಕೆ ಎಂದು ಹಿರಿಯ ಸಹೋದ್ಯೋಗಿಗಳು ಆಕ್ಷೇಪಿಸಿದರು. ಇದು ಪಿಯುಸಿ ಮಕ್ಕಳ ಭಾಷಾಂತರದ ಅಭ್ಯಾಸ ಎಂದವರೂ ಇದ್ದರು. ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ.

ನೆನಪಿನಿಂದ ಹೇಳುವುದಾದರೆ, ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಕರ್ಟ್ಸ್‌ನ ವಾಗ್ದತ್ತೆಗೆ, ಎಂದರೆ ಯುರೋಪಿನಲ್ಲಿ ಅವನಿಗೆ ನಿಶ್ಚಯವಾಗಿದ್ದ ಬಿಳಿಯ ಹೆಣ್ಣಿಗೆ, ‘ಆಕೆ’ ಅಥವಾ ‘ಅವರು’ ಎಂದೂ, ಹಲವು ಆನೆದಂತಗಳ ಬೆಲೆಯ ಒಡವೆ ತೊಟ್ಟು ನದಿಯ ದಡದಲ್ಲಿ ನಿಂತ ಆಫ್ರಿಕದ ಹೆಣ್ಣಿಗೆ ‘ಅವಳು’ ಎಂದೂ ಬರೆದಿದ್ದರು. ಇಬ್ಬರೂ ಒಂದೇ ರೀತಿ ತೋಳು ಚಾಚಿದ್ದನ್ನು ಮಾರ್ಲೊ ತಾನೇ ನೆನಪಿಸಿಕೊಳ್ಳುತ್ತಾನೆ. ಆ ಸಾಲನ್ನು ಗಟ್ಟಿಯಾಗಿ ಓದಿಸಿದಾಗ ತರಗತಿ ತನ್ನ ಬರಹವನ್ನೇ ತಿರುಗಿ ನೋಡಿತು.

ನಾನು ಹೆಚ್ಚು ಹೊತ್ತು ನಿಲ್ಲುವುದು ಅಗಸಗಿತ್ತಿಯ ಬಳಿ. ಕಂಪನಿಯ ಲೆಕ್ಕಿಗನ ಗಂಜಿ ಹಾಕಿದ ಕಾಲರನ್ನು ಮಾರ್ಲೊ ಅವನ ಚಾರಿತ್ರ್ಯದ ಸಾಧನೆ ಎಂದೇ ಮೆಚ್ಚುತ್ತಾನೆ. ಆ ಕೆಲಸವನ್ನು ಅಲ್ಲಿನ ಒಬ್ಬ ಹೆಂಗಸಿಗೆ ಕಲಿಸಿದೆ, ಅವಳಿಗೆ ಅದು ಇಷ್ಟವಿರಲಿಲ್ಲ ಎಂದು ಲೆಕ್ಕಿಗ ಹೇಳುವಲ್ಲಿಗೆ ಅವಳ ಕಥೆ ಮುಗಿಯುತ್ತದೆ. ಮನೆಯಲ್ಲಿ ಇಸ್ತ್ರಿ ಅಂಗಡಿ ಇರುವ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಅಂಥ ತೇವದ ಹವೆಯಲ್ಲಿ ಗಂಜಿ ನಿಲ್ಲುವುದಿಲ್ಲ, ದಿನವೂ ಹಾಕಬೇಕಾಗುತ್ತದೆ” ಎಂದ. ಅವಳ ದಿನನಿತ್ಯದ ದುಡಿಮೆ ಅವನ ಚಾರಿತ್ರ್ಯವಾಗಿ ಲೆಕ್ಕಕ್ಕೆ ಸೇರಿದ್ದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ. ಗಂಡಸರನ್ನು ಮ್ಯಾನೇಜರ್, ಲೆಕ್ಕಿಗ, ಇಟ್ಟಿಗೆ ಮಾಡುವವ ಎಂದು ಉದ್ಯೋಗದಿಂದಲೂ, ಬಿಳಿಯ ಹೆಂಗಸರಲ್ಲಿ ಮುಖ್ಯರಾದ ಇಬ್ಬರನ್ನು ಮಾರ್ಲೊನ ಚಿಕ್ಕಮ್ಮ, ಕರ್ಟ್ಸ್‌ನ ವಾಗ್ದತ್ತೆ ಎಂದು ಸಂಬಂಧದಿಂದಲೂ ಗುರುತಿಸಲಾಗಿದೆ ಎಂಬುದನ್ನು ಅದೇ ದಿನ ಮಕ್ಕಳೇ ಕಂಡುಕೊಂಡರು.

ಅಗಸಗಿತ್ತಿಯ ಬಾಯಲ್ಲಿ ಕಥೆ ಬರೆಸಿದ ಪ್ರಯೋಗ ಮಾತ್ರ ಸೋತಿತು. ಎಲ್ಲರೂ ಕಣ್ಣೀರಿನ ಕಥೆ ಬರೆದರು, ಕಾದಂಬರಿ ಅವಳಿಗೆ ಮಾತೇ ಕೊಟ್ಟಿಲ್ಲವೆಂಬುದು ಮರೆತುಹೋಯಿತು. ಕಾನ್ರಾಡ್‌ನ ಕೃತಿ ಪತ್ರಿಕೆಯಲ್ಲಿ ಬಂದ 1899ರಲ್ಲೇ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ಕನ್ನಡ ಕಾದಂಬರಿ ‘ಇಂದಿರಾಬಾಯಿ’ಯನ್ನೂ ಹೀಗೆ ಓದಿಸಿ ನೋಡಿದೆ. ಅಲ್ಲಿ ಸರ್ವನಾಮವನ್ನು ಲೇಖಕರೇ ಆರಿಸಿಬಿಟ್ಟಿರುವುದರಿಂದ ಓದುಗರ ಆಯ್ಕೆ ಹೊರಬೀಳುವುದಿಲ್ಲ. ಯಾವ ಭಾಗವನ್ನು ಮೊದಲು ಕೊಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಉಳಿದದ್ದೆಲ್ಲ ನಿಂತಿರುವುದೇ ಅದರ ಮೇಲೆ. ಆಕ್ಷೇಪಿಸಿದ್ದ ಹಿರಿಯರೊಬ್ಬರು ಈ ವರ್ಷ ನನ್ನ ಹಾಳೆಗಳನ್ನು ಕೇಳಿ ಪಡೆದಿದ್ದಾರೆ.

ಸಾಯುವಾಗ ಕರ್ಟ್ಸ್ ಹೇಳಿದ್ದು ‘ಭೀಕರ! ಭೀಕರ!’ ಎಂದು. ಕೊನೆಯ ದೃಶ್ಯದಲ್ಲಿ, ಅವನು ಕಡೆಯದಾಗಿ ಉಚ್ಚರಿಸಿದ್ದು ನಿಮ್ಮ ಹೆಸರನ್ನು ಎಂದು ಮಾರ್ಲೊ ವಾಗ್ದತ್ತೆಗೆ ಸುಳ್ಳು ಹೇಳುತ್ತಾನೆ. ಆ ಸುಳ್ಳಿನಿಂದ ಸತ್ಯವು ಗಂಡಸರ ನಡುವಿನ ಗುಟ್ಟಾಗಿಯೇ ಉಳಿಯುತ್ತದೆ ಎಂಬ ಸ್ಟ್ರಾಸ್ ವಾದವನ್ನು ಎರಡು ವರ್ಷ ಹೇಳಿಯೂ ನಾಟಿಸಲಾಗಿರಲಿಲ್ಲ. ಈ ಸಲ ‘ನಿನ್ನ’ ಎಂದು ಬರೆದವರೂ ‘ನಿಮ್ಮ’ ಎಂದು ಬರೆದವರೂ ಹೆಚ್ಚುಕಡಿಮೆ ಸಮವಾಗಿದ್ದರು. ಒಬ್ಬಳು ಮಾತ್ರ ಆ ಹೆಸರನ್ನೇ ಬರೆಯಲು ಹೊರಟು, ಪುಸ್ತಕವನ್ನೆಲ್ಲ ತಿರುವಿ ಹಾಕಿ, ಎಲ್ಲೂ ಸಿಗದೆ ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಆ ಹಾಳೆಯನ್ನು ನನ್ನ ಪ್ರತಿಯ ಕೊನೆಯ ಪುಟಕ್ಕೆ ಅಂಟಿಸಿಕೊಂಡಿದ್ದೇನೆ.