ಮೂರು ಸಾವಿರ ಪೌಂಡಿನ ವಿಂಚು, ಜೊತೆಗೊಂದು ಕಪ್ಪಿ

ವಿಂಚು ಅಂದರೆ ಡ್ರಮ್ಮಿಗೆ ತಂತಿ ಹಗ್ಗ ಸುತ್ತಿ ಕಾರು ಎಳೆಯುವ ಯಂತ್ರ. ಕಾರು ಹತ್ತಿಸುವ ಟ್ರೇಲರಿಗೆ ಯಾವ ವಿಂಚು ಎಂದು ಪುಣೆ ಬಳಿಯ ಭೋಸರಿಯಲ್ಲಿ ಯಾರನ್ನು ಕೇಳಿದರೂ ಬಂದ ಉತ್ತರ ಒಂದೇ: ಜೀಪಿಗೆ ಹಾಕುವ ಒಂಬತ್ತೂವರೆ ಸಾವಿರ ಪೌಂಡು ಎಳೆಯುವಂಥದ್ದು ಹಾಕು, ಇಲ್ಲವೇ ಆ ಉಸಾಬರಿಗೇ ಹೋಗಬೇಡ. ಅದರ ಬೆಲೆ ಆಗ ನಲವತ್ತು ಸಾವಿರದ ಆಸುಪಾಸು. ಮುಂಬೈಯಿಂದ ಬೆಳಗಾವಿಗೆ ಹಳೆಯ ಕಾರು ತರುವ ನಮ್ಮ ಟ್ರೇಲರಿನ ಮೇಲೆ ಈಗಲೂ ಇರುವುದು ಮೂರು ಸಾವಿರ ಪೌಂಡಿನ ಚೀನೀ ವಿಂಚು, ಹದಿನೈದು ಸಾವಿರ ಚಿಲ್ಲರೆಯದ್ದು. ಪದ್ಮಿನಿ, ಎಸ್ಟೀಮ್, ಅಂಬಾಸಿಡರ್ ಸೇರಿ ಎಪ್ಪತ್ತರ ಹತ್ತಿರ ಕಾರು ಎಳೆದಿದೆ. ಮೋಟಾರು ಬದಲಿಸಿಲ್ಲ.

ಎಲ್ಲರೂ ಕಾರಿನ ತೂಕ ನೋಡಿ ವಿಂಚು ಆರಿಸುತ್ತಾರೆ. ನೋಡಬೇಕಾದ್ದು ರ‍್ಯಾಂಪಿನ ಇಳಿಜಾರು. ನಮ್ಮ ಟ್ರೇಲರಿನ ಹಿಂಬದಿ ನೆಲದಿಂದ 55 ಸೆಂಟಿಮೀಟರ್ ಎತ್ತರ. ಮೊದಲಿದ್ದ ರ‍್ಯಾಂಪು ಒಂದೂವರೆ ಮೀಟರಿನದ್ದು. 1,200 ಕೆಜಿ ಕಾರಿಗೆ ಆ ಇಳಿಜಾರಿನಲ್ಲಿ ಬರೀ ಏರಿಸಲಿಕ್ಕೇ 440 ಕೆಜಿ ಎಳೆತ ಬೇಕು. ರ‍್ಯಾಂಪನ್ನು 2.1 ಮೀಟರಿಗೆ ಉದ್ದ ಮಾಡಿ, ಟ್ರೇಲರಿನ ಚಕ್ರಗಳನ್ನು ರಸ್ತೆಯಂಚಿನ ತಗ್ಗಿಗೆ ಇಳಿಸಿ ಹತ್ತು ಸೆಂಟಿಮೀಟರ್ ಗಿಟ್ಟಿಸಿಕೊಂಡರೆ ಅದೇ ಕಾರಿಗೆ 260 ಕೆಜಿ ಸಾಕು. ಟೈರು ಉರುಳುವ ತಡೆಗೆ ಇನ್ನೊಂದು ಇಪ್ಪತ್ತೈದು ಕೆಜಿ ಸೇರಿಸಿ. ಗಾಳಿ ಇಲ್ಲದ ಟೈರಾದರೆ ಆ ಇಪ್ಪತ್ತೈದು ನೂರರ ಹತ್ತಿರ ಹೋಗುತ್ತದೆ, ಹಾಗಾಗಿ ವಿಂಚಿಗಿಂತ ಮೊದಲು ಪಂಪು ಒಯ್ಯಬೇಕು. ರ‍್ಯಾಂಪು ಬೆಳೆಸಲು ಆದ ಖರ್ಚು ಮೂರೂವರೆ ಸಾವಿರ, ಚಾನೆಲ್ಲು, ವೆಲ್ಡಿಂಗ್ ಎಲ್ಲ ಸೇರಿ. ದೊಡ್ಡ ವಿಂಚಿನ ಹೆಚ್ಚುವರಿ ಇಪ್ಪತ್ತೈದು ಸಾವಿರ ಅಲ್ಲೇ ಉಳಿಯಿತು.

ಅದಕ್ಕೂ ಮೊದಲು ಹಾಳಾದ ದುಡ್ಡನ್ನೂ ಹೇಳಬೇಕು. ಮೊದಲ ಪ್ರಯೋಗ ಕೈವಿಂಚು, ದೋಣಿ ಟ್ರೇಲರಿಗೆ ಹಾಕುವ ಬಗೆಯದ್ದು, 2,800 ರೂಪಾಯಿ. ಹತ್ತಿಸುವಾಗ ತಕರಾರಿಲ್ಲ, ತಿರುಗಿಸಲು ಹತ್ತು ಹದಿನೈದು ಕೆಜಿ ಬಲ ಸಾಕು. ತೊಂದರೆ ಇಳಿಸುವಾಗ. ಅದರಲ್ಲಿ ಬ್ರೇಕಿಲ್ಲ, ಹಲ್ಲುಗಾಲಿ ಹಿಂದಕ್ಕೆ ತಿರುಗದಂತೆ ತಡೆಯುವ ಬರೀ ಒಂದು ನಾಲಿಗೆ. ಭಾರ ಇದ್ದಾಗ ನಾಲಿಗೆ ಎತ್ತಿದರೆ ಹಿಡಿ ಕೈಯಿಂದ ಕಿತ್ತುಕೊಂಡು ಗಿರಗಿರ ತಿರುಗುತ್ತದೆ. ಮುಂಗೈ ಮುರಿಯಲು ಒಂದು ಸುತ್ತು ಸಾಕು. ಕೈವಿಂಚೇ ಬೇಕೆಂದರೆ ಒಳಗೆ ಘರ್ಷಣೆಯ ಬ್ರೇಕಿರುವುದನ್ನೇ ಕೊಳ್ಳಿ. ಬೆಲೆ ಎರಡೂವರೆ ಪಟ್ಟು, ಆದರೆ ಹಿಡಿ ಬಿಟ್ಟರೂ ಕಾರು ನಿಂತಲ್ಲೇ ನಿಲ್ಲುತ್ತದೆ. ತಿಂಗಳಿಗೆ ಎರಡೇ ಕಾರು ಎನ್ನುವವರಿಗೆ ಅಷ್ಟೇ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ.

ಎರಡನೆಯದು ಬರೀ ಹುಚ್ಚು: ಗುಜರಿಯ ಸ್ಟಾರ್ಟರ್ ಮೋಟಾರಿಗೆ ವೇಗ ಇಳಿಸಿ ಬಲ ಏರಿಸುವ 60ಕ್ಕೆ 1ರ ವರ್ಮ್ ಗೇರ್‌ಬಾಕ್ಸ್ ಜೋಡಿಸಿದ್ದು. ಎಳೆತ ಭರ್ಜರಿ. ಆದರೆ ಸ್ಟಾರ್ಟರ್ ಇರುವುದು ಕೆಲವೇ ಸೆಕೆಂಡಿನ ಕೆಲಸಕ್ಕೆ. ಅರ್ಧ ನಿಮಿಷಕ್ಕೆ ವಾರ್ನಿಶ್ ವಾಸನೆ, ಒಂದು ನಿಮಿಷಕ್ಕೆ ಹೊಗೆ. ಭಾರವಿಲ್ಲದೆ ಓಡಿಸಿದರೆ ವೇಗ ಏರುತ್ತಲೇ ಹೋಗುತ್ತದೆ. ಎರಡು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಸುರುಳಿ) ಸುಟ್ಟ ಮೇಲೆ ಗೇರ್‌ಬಾಕ್ಸನ್ನು ತಂದಲ್ಲಿಗೇ ಮಾರಿದ್ದಾಯಿತು. ನಾಲ್ಕು ಸಾವಿರ ಕೈಬಿಟ್ಟಿತು.

ಡಬ್ಬಿಯ ಮೇಲಿನ ಅಂಕಿ ನಂಬಬೇಡಿ. ಮೂರು ಸಾವಿರ ಪೌಂಡು ಅಂದರೆ 1,360 ಕೆಜಿ. ಕ್ರೇನಿಗೆ ನೇತುಹಾಕುವ ಡಿಜಿಟಲ್ ತಕ್ಕಡಿ ಕಟ್ಟಿ ಎಳೆಸಿ ನೋಡಿದಾಗ ನಮ್ಮದು ಒಂಬೈನೂರರ ಹತ್ತಿರ ನಿಂತುಬಿಟ್ಟಿತು, ಅದೂ ಡ್ರಮ್ಮಿನ ಮೇಲೆ ಒಂದೇ ಸುತ್ತುಪದರ ಇದ್ದಾಗ. ನಾಲ್ಕನೇ ಪದರಕ್ಕೆ ಬಂದಾಗ ಆರುನೂರು. ಇದು ಯಾವ ವಿಂಚಿಗೂ ತಪ್ಪದು: ಪದರ ಏರಿದಂತೆ ಡ್ರಮ್ಮು ದಪ್ಪವಾಗುತ್ತದೆ, ಎಳೆತ ಇಳಿಯುತ್ತದೆ. ಕಾರು ಟ್ರೇಲರಿನ ಸಮತಟ್ಟಿಗೆ ಬಂದ ಮೇಲೆ ಪದರ ಏರಿದರೆ ಚಿಂತೆಯಿಲ್ಲ. ರ‍್ಯಾಂಪಿನ ಮೇಲಿರುವಾಗ ಹಗ್ಗ ಆದಷ್ಟು ಹೊರಗಿರಬೇಕು.

ಇಲ್ಲೇ ಕಪ್ಪಿಯ ಕೆಲಸ. ಕಪ್ಪಿಯನ್ನು ಕಾರಿಗೆ ಸಿಕ್ಕಿಸಿ, ಹಗ್ಗದ ತುದಿಯನ್ನು ತಿರುಗಿಸಿ ತಂದು ಟ್ರೇಲರಿಗೇ ಕಟ್ಟಬೇಕು. ಕಪ್ಪಿಯನ್ನು ಟ್ರೇಲರಿಗೆ ಕಟ್ಟಿ ಹಗ್ಗವನ್ನು ಕಾರಿಗೆ ಒಯ್ದರೆ ದಿಕ್ಕು ಮಾತ್ರ ಬದಲಾಗುತ್ತದೆ, ಬಲ ಹೆಚ್ಚುವುದಿಲ್ಲ. ಈ ತಪ್ಪನ್ನು ಇಪ್ಪತ್ತು ವರ್ಷದ ಕ್ರೇನಿನವರೂ ಮಾಡುವುದನ್ನು ನೋಡಿದ್ದೇವೆ. ಎಳೆತ ಹೆಚ್ಚುಕಮ್ಮಿ ಎರಡು ಪಟ್ಟು, ವೇಗ ಅರ್ಧ, ಜೊತೆಗೆ ಡ್ರಮ್ಮಿನಿಂದ ಹಗ್ಗ ಎರಡು ಪಟ್ಟು ಹೊರಬರುವುದರಿಂದ ಪದರಗಳೂ ಕಡಿಮೆ. ನಮ್ಮ ಲೆಕ್ಕ: ಟ್ರೇಲರಿನ ಹಾಸು 4.2 ಮೀಟರ್, ರ‍್ಯಾಂಪು 2.1, ಒಟ್ಟು 6.3, ಎರಡು ಪಟ್ಟು 12.6. ಡ್ರಮ್ಮಿನ ಮೇಲೆ ಐದು ಸುತ್ತು ಯಾವತ್ತೂ ಉಳಿಯಲೇಬೇಕು, ಅದಕ್ಕೆ ಅರ್ಧ ಮುಕ್ಕಾಲು ಮೀಟರ್. 15 ಮೀಟರ್ ಹಗ್ಗ ಸರಿಹೋಗುತ್ತದೆ. ನೆಲದ ಮೇಲೆ ಕಾರು ದೂರ ಇದ್ದರೆ ಒಂಟಿ ಹಗ್ಗದಲ್ಲಿ ರ‍್ಯಾಂಪಿನ ಬುಡದ ತನಕ ತಂದು, ಉರುಳದಂತೆ ಚಕ್ರಕ್ಕೆ ಗುಟ್ಟ ಕೊಟ್ಟು, ಆಮೇಲೆ ಕಪ್ಪಿ ಹಾಕುವುದು. ಎರಡು ಟನ್ನಿನ ಕಪ್ಪಿ ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ 900ಕ್ಕೆ ಸಿಕ್ಕಿತು. ಪುಣೆಯ ಬೋಹರಿ ಆಳಿಯಲ್ಲಿ ಇದೇ ಮಾಲಿಗೆ 1,300 ಹೇಳಿದ್ದರು.

ಇನ್ನು ವೈರಿಂಗು. ಚಿಕ್ಕ ವಿಂಚುಗಳು ಸಾಯುವುದು ಭಾರದಿಂದಲ್ಲ, ಕಡಿಮೆ ವೋಲ್ಟಿನಿಂದ. ಮೊದಲು ಟ್ರೇಲರ್ ಎಳೆಯುವ ಬೊಲೆರೊದ ಬ್ಯಾಟರಿಯಿಂದ ಟ್ರೇಲರಿನ ಮೂತಿಯ ತನಕ 16 ಚದರ ಎಂಎಂ ಕೇಬಲ್ ಎಳೆದಿತ್ತು. ಹೋಗಿ ಬಂದು 14 ಮೀಟರ್. 120 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು ಎರಡು ವೋಲ್ಟ್ ಮಾಯ. ವಿಂಚಿನ ಬಾಯಿಗೆ ಒಂಬತ್ತೂವರೆ ಸಿಗುತ್ತಿತ್ತು. ಆಗ ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟು ಬಿಟ್ಟು ಕಡಿಯುವ ಸ್ವಿಚ್ಚು, ಗಟ್ಟಿಯಾಗಿ ಹಿಡಿಯದೆ ಟಕಟಕ ಬಡಿಯುತ್ತದೆ, ಪಾಯಿಂಟುಗಳ ನಡುವೆ ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸೆದುಕೊಂಡರೆ ರಿಮೋಟ್ ಬಿಟ್ಟರೂ ವಿಂಚು ನಿಲ್ಲುವುದಿಲ್ಲ. ಎಸ್ಟೀಮಿನ ಮುಂದಿನ ಬಂಪರು ವಿಂಚಿನ ತಟ್ಟೆಗೆ ಒತ್ತಿ ಬಾಗುವ ತನಕ ಎಳೆಯಿತು. ಕೇಬಲ್ ಕೀಳಲು ಸ್ಪ್ಯಾನರ್ ಹುಡುಕುವಷ್ಟರಲ್ಲಿ ಆದದ್ದು ಅದು. ಬಂಪರಿಗೆ 2,200 ಕೊಟ್ಟಾಯಿತು. ಮರುದಿನವೇ 350 ರೂಪಾಯಿಯ ಬ್ಯಾಟರಿ ಕಟ್‌ಆಫ್ ಸ್ವಿಚ್ ಕೈಗೆಟುಕುವ ಜಾಗಕ್ಕೆ ಬಂತು.

ಈಗ 65 ಆಂಪಿಯರ್ ಅವರಿನ ಬೇರೆ ಬ್ಯಾಟರಿ ಟ್ರೇಲರಿನ ಮೇಲೇ ಇದೆ, ವಿಂಚಿನಿಂದ ಒಂದೂವರೆ ಮೀಟರಿನಲ್ಲಿ, 35 ಚದರ ಎಂಎಂ ವೆಲ್ಡಿಂಗ್ ಕೇಬಲ್ಲಿನೊಂದಿಗೆ. ಒಂದು ಕಾರು ಹತ್ತಿಸಲು ಕಪ್ಪಿ ಸಮೇತ ಐದಾರು ನಿಮಿಷ, ಐದಾರು ಆಂಪಿಯರ್ ಅವರ್ ಖರ್ಚು. ಚಾರ್ಜಿಗೆ ಬೊಲೆರೊದಿಂದ 6 ಚದರ ಎಂಎಂ ವೈರು, ನಡುವೆ ಇಗ್ನಿಷನ್ನಿಗೆ ಕಟ್ಟಿದ ರಿಲೇ, ಅಂದರೆ ಕೀಲಿ ತಿರುಗಿಸಿದಾಗ ಮಾತ್ರ ಕೂಡುವ ಸ್ವಿಚ್ಚು. ಫ್ಯೂಸು ಎರಡೂ ತುದಿಗೆ ಬೇಕು, ಯಾಕೆಂದರೆ ಎರಡೂ ತುದಿಗೆ ಬ್ಯಾಟರಿ ಇದೆ. ಎಂಜಿನ್ ಚಾಲೂ ಇಟ್ಟು ವಿಂಚು ಓಡಿಸಿದರೆ ಆ ಬಡ ವೈರಿನ ಮೂಲಕ ಬೊಲೆರೊವೂ ಕರೆಂಟು ಕೊಡಲು ಹೋಗಿ ಫ್ಯೂಸು ಹಾರುತ್ತದೆ. ಮೂರು ಫ್ಯೂಸು ಹೋದ ಮೇಲೆ ಅರ್ಥವಾದದ್ದು.

ತಂತಿ ಹಗ್ಗದ ಬಗ್ಗೆ ಎರಡು ಮಾತು. ಕಂಪನಿಯ ಹಗ್ಗ ಆರು ತಿಂಗಳಲ್ಲಿ ಟ್ರೇಲರಿನ ಹಿಂದಿನ ಅಂಚಿನ ಮೇಲೆ ಉಜ್ಜಿ ಎಳೆ ಬಿಟ್ಟಿತು. ಕಾರು ರ‍್ಯಾಂಪಿನ ಕೆಳಗಿರುವಾಗ ಹಗ್ಗ ಆ ಅಂಚಿನ ಮೇಲೆ ಬಾಗಿಯೇ ಹೋಗುತ್ತದೆ. ಅಲ್ಲಿ 20 ಎಂಎಂ ಸರಳಿನ ಮೇಲೆ 40 ಎಂಎಂ ಪೈಪು ತೊಡಿಸಿ ಉರುಳೆ ಮಾಡಿದರೆ ಮುಗಿಯಿತು, ಗ್ರೀಸು ಮರೆಯಬಾರದು. ತುದಿಗೆ ಮೂರು ಕ್ಲಿಪ್ಪು. ಕ್ಲಿಪ್ಪಿನ ತಡಿ (ಹಗ್ಗ ಕೂರುವ ಅಗಲ ಭಾಗ) ಭಾರ ಹೊರುವ ಎಳೆಯ ಮೇಲೆ, ಯು ಬೋಲ್ಟು ಮಡಚಿ ತಂದ ಕುಡಿಯ ಮೇಲೆ. ಉಲ್ಟಾ ಹಾಕಿದರೆ ಭಾರ ಹೊರುವ ಎಳೆಯನ್ನೇ ಜಜ್ಜುತ್ತದೆ. ಹಗ್ಗ ಡ್ರಮ್ಮಿನ ಒಂದೇ ಮೂಲೆಗೆ ಗುಡ್ಡೆಯಾಗುವ ರೋಗ ಚಿಕ್ಕ ಟ್ರೇಲರುಗಳಿಗೆಲ್ಲ ಇದೆ. ಅದಕ್ಕೆ ನಾವು ಕೂರಿಸಿದ ಚಿಕ್ಕ ತುಂಡಿನ ಆಕಾರ ಇಲ್ಲಿ ಬರೆಯುವುದಿಲ್ಲ. ಬೆಲೆ ನಲವತ್ತು ರೂಪಾಯಿ, ನೈಲಾನಿನದ್ದು, ಇಷ್ಟು ಸಾಕು.

ಮುಂಬೈಯಿಂದ ಹತ್ತಿಸುವ ಹಳೆಯ ಕಾರುಗಳ ದೊಡ್ಡ ಪೀಡೆ ಅಂಟಿದ ಬ್ರೇಕು. ಒಂದು ಮಳೆಗಾಲ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಪದ್ಮಿನಿಯ ಹಿಂದಿನ ಶೂಗಳು ಡ್ರಮ್ಮಿಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ಬಡಿದರೆ ಹತ್ತರಲ್ಲಿ ಆರು ಬಿಡುತ್ತವೆ. ಬಿಡದಿದ್ದರೆ 10 ಎಂಎಂ ದಪ್ಪದ ನುಣುಪು ಪ್ಲಾಸ್ಟಿಕ್ಕಿನ, ಅಂದರೆ ಎಚ್‌ಡಿಪಿಇ ಹಾಳೆಯ ತುಂಡನ್ನು ಟೈರಿನ ಕೆಳಗೆ ಕೊಟ್ಟು ಪಾತ್ರೆ ತೊಳೆಯುವ ಸಾಬೂನು ನೀರು ಸುರಿಯಿರಿ, ಕಾರು ಜಾರುಬಂಡಿಯಂತೆ ಬರುತ್ತದೆ. ಎಣ್ಣೆ ಹಾಕಿ ನೋಡಿದ್ದೂ ಉಂಟು. ಜಾರುವುದು ಚೆನ್ನಾಗಿ, ಆದರೆ ರ‍್ಯಾಂಪಿನ ಮೇಲೆ ನಮ್ಮ ಕಾಲೂ ಜಾರುತ್ತದೆ. ಪದ್ಮಿನಿ ಒಂಬೈನೂರು ಕೆಜಿಯ ಗಾಡಿ, ನಾಲ್ಕೂ ಚಕ್ರ ಕಚ್ಚಿದ್ದರೂ ಏಳುನೂರ ಮೂವತ್ತರ ಒಳಗೆ ಏರುತ್ತದೆ, ಕಪ್ಪಿ ಇದ್ದರೆ ವಿಂಚಿಗೆ ಬೆವರೂ ಬರುವುದಿಲ್ಲ.

ಕೊಕ್ಕೆಯನ್ನು ಸ್ಟಿಯರಿಂಗ್ ರಾಡಿಗೂ ರೇಡಿಯೇಟರಿನ ಅಡ್ಡಪಟ್ಟಿಗೂ ಹಾಕಬೇಡಿ. ಎರಡೂ ಬದಿಯ ಚಕ್ರ ಹಿಡಿದಿರುವ ಕೆಳಗಿನ ಆರ್ಮುಗಳಿಗೆ ಬೆಲ್ಟು ಕಟ್ಟಿ, ನಡುವೆ ಕಪ್ಪಿ ಸಿಕ್ಕಿಸಿ, ಆಗ ಕಾರು ನೆಟ್ಟಗೆ ಬರುತ್ತದೆ. ಹಗ್ಗ ತುಂಡಾದರೆ ಚಿಮ್ಮದಂತೆ ಅದರ ಮೇಲೆ ಒದ್ದೆ ಗೋಣಿಚೀಲ, ಕಾರಿನ ಹಿಂದೆ ಯಾರೂ ಇರಬಾರದು, ಪಕ್ಕದಿಂದ ಒಬ್ಬ ಗುಟ್ಟ ಹಿಡಿದು ನಡೆಯಬೇಕು. ಟ್ರೇಲರಿನ ಹಿಂಬದಿಗೆ ಆಸರೆ ಜಾಕುಗಳನ್ನು ಮೊದಲೇ ಊರಿ; ಮರೆತರೆ ಕಾರು ಅಂಚಿಗೆ ಬಂದ ಕೂಡಲೇ ಬೊಲೆರೊದ ಹಿಂಭಾಗವೇ ಮೇಲೇಳುತ್ತದೆ.

ಕಾರು ಕೂತ ಮೇಲೆ ನಾಲ್ಕು ಚಕ್ರಕ್ಕೆ ನಾಲ್ಕು ರ‍್ಯಾಚೆಟ್ ಬೆಲ್ಟು ಬಿಗಿದು ವಿಂಚಿನ ಹಗ್ಗ ಸಡಿಲ ಬಿಡಬೇಕು. ಬಿಗಿಯಾಗಿಯೇ ಬಿಟ್ಟು ಖಂಬಾಟಕಿ ಘಾಟು ಇಳಿದಾಗ ಪ್ರತಿ ಗುಂಡಿಯ ಏಟೂ ಗೇರಿಗೇ ಬಿದ್ದು ಎರಡು ಹಲ್ಲು ಮುರಿದವು. ಬೆಳಗಾವಿ ತಲುಪಿದ ಮೇಲೆ ಕಾರನ್ನು ಆರು ಜನ ತಳ್ಳಿ ಇಳಿಸಬೇಕಾಯಿತು. ಗೇರ್ ಸೆಟ್ಟು 1,800, ಬರಲು ಮೂರು ವಾರ. ಈಗ ಒಂದು ಸೆಟ್ಟು ಟೂಲ್‌ಬಾಕ್ಸಿನಲ್ಲೇ ಇರುತ್ತದೆ, ಎರಡು ಕಾಂಟ್ಯಾಕ್ಟರಿನ ಜೊತೆ.