ಹವಾಯಿಗೆ ಗುಂಪಾಗಿ ಹೋಗುವವರಿಗೆ: ಬೆಳಿಗ್ಗೆ ಈಜು, ಸಂಜೆ ಲುವಾವ್ ಊಟ

ರಜೆಗೆ ಒವಾಹು ದ್ವೀಪಕ್ಕೆ ಹೊರಟಿರುವ ಕುಟುಂಬಗಳು ಈಜು ಮತ್ತು ಲುವಾವ್ (ಹವಾಯಿಯ ಸಾಂಪ್ರದಾಯಿಕ ಔತಣಕೂಟ) ಎರಡನ್ನೂ ಒಂದೇ ದಿನಕ್ಕೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ಬೆಳಿಗ್ಗೆ ಹನೌಮಾ ಕೊಲ್ಲಿ ಒಳ್ಳೆಯದು. ಸೋಮವಾರ, ಮಂಗಳವಾರ ಅಲ್ಲಿ ರಜೆ. ಉಳಿದ ದಿನಗಳಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಹವಳದ ಮೇಲೆ ಕಾಲಿಡಬೇಡಿ, ಮಕ್ಕಳಿಗೂ ನೀರಿಗಿಳಿಯುವ ಮೊದಲೇ ಹೇಳಿಡಿ. ಹವಳಕ್ಕೆ ಹಾನಿಯೆಂದು ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಹಾಗಾಗಿ ಮನೆಯಿಂದ ಒಯ್ಯುವ ಟ್ಯೂಬಿನ ಹಿಂಬದಿಯನ್ನೂ ಓದಿ ನೋಡಿ.

ಮಧ್ಯಾಹ್ನ ಹಗುರವಾಗಿ ತಿಂದು, ಲುವಾವ್‌ಗೆ ಸ್ವಲ್ಪ ಬೇಗ ತಲುಪಿ. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಬಾಳೆದಿಂಡು, ‘ಟಿ’ ಎಂಬ ಗಿಡದ (ಚಹಾ ಗಿಡವಲ್ಲ) ಎಲೆ ಹಾಸಿ, ಹಂದಿಯನ್ನಿಟ್ಟು ಮಣ್ಣು ಮುಚ್ಚಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಈ ಒಲೆಗೆ ಇಮು ಎನ್ನುತ್ತಾರೆ. ಕೆಲವು ಕಡೆ ಅದನ್ನು ತೆರೆಯುವುದನ್ನು ಅತಿಥಿಗಳ ಎದುರೇ ಮಾಡುತ್ತಾರೆ. ಮಣ್ಣು ಸರಿಸಿದಾಗ ಹಬೆಯ ಜೊತೆ ಬರುವ ಹೊಗೆವಾಸನೆಯ ಘಮ, ಎಳೆದರೆ ಎಳೆಎಳೆಯಾಗಿ ಬಿಡುವ ಮಾಂಸ... ಮಾಂಸಾಹಾರಿಗಳು ಖಂಡಿತ ತಪ್ಪಿಸಿಕೊಳ್ಳಬಾರದು.

ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಿಬಿಡಿ. ಲೌಲೌ ನೋಡಲು ನಮ್ಮ ಪತ್ರೊಡೆಯಂತೆ ಕೆಸುವಿನ ಎಲೆಯಲ್ಲಿ ಸುತ್ತಿರುತ್ತದೆ, ಆದರೆ ಒಳಗೆ ಸಾಮಾನ್ಯವಾಗಿ ಹಂದಿಮಾಂಸ, ಮೀನು ಇರುತ್ತದೆ. ಕೆಸುವಿನ ಗಡ್ಡೆ ಬೇಯಿಸಿ ಅರೆದ ಪೋಯಿ, ಗೆಣಸು, ತೆಂಗಿನಹಾಲಿನ ಹೌಪಿಯಾ ಸಿಹಿ ನಿಮಗೆ ಆಗುತ್ತವೆ. ಪೋಯಿ ಹುಳಿ ಅನ್ನಿಸಿದರೆ ಹಾಳಾಗಿದೆ ಎಂದುಕೊಳ್ಳಬೇಡಿ. ಒಂದೆರಡು ದಿನ ಹುದುಗಿದ ಪೋಯಿಗೆ ಆ ರುಚಿ ಸಹಜ. ಹಿರಿಯರಿದ್ದರೆ ಒಂದು ಸ್ವೆಟರ್ ಇರಲಿ, ಸಂಜೆ ಕಡಲತಡಿಯಲ್ಲಿ ಗಾಳಿ ಜೋರು.